ನೀರುಕಾಗೆ ಅಂದ್ರೂ ಕಾಗೆನೇ ಅಲ್ವಾ?

ಅಮ್ಮ ತೀರಿಕೊಂಡ ಹನ್ನೊಂದನೇ ದಿನ ನಾವೆಲ್ಲ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿದ್ದೆವು. ಜನವರಿ ಕೊನೆಯ ವಾರ. ಕಾವೇರಿಯಲ್ಲಿ ನೀರು ಇಳಿದಿತ್ತು. ಹೊಳೆಯ ನಡುವಿನ ಬಂಡೆಗಳು ಎಮ್ಮೆಗಳ ಹಾಗೆ ಬೆನ್ನು ತೋರಿಸಿಕೊಂಡು ಮಲಗಿದ್ದವು. ಅಣ್ಣ ಪಿಂಡ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಬಂದು ಕೈಮುಗಿದು ನಿಂತ. ಇನ್ನು ಕಾಗೆ ಬರಬೇಕು.

ಕಾಗೆ ಬರಲಿಲ್ಲ.

ಅರಳಿಮರದ ಮೇಲೆ ಎರಡು ಕೂತಿದ್ದವು. ನಮ್ಮ ಕಡೆ ನೋಡಿದವು, ಕೆಳಗೆ ಇಳಿಯಲಿಲ್ಲ. ಕಾಗೆ ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಅನ್ನುತ್ತಾರಲ್ಲ. ಹಾಗಾಗಿ ಒಬ್ಬೊಬ್ಬರೇ ಮಾತು ಕೊಡುವುದಕ್ಕೆ ಶುರುಮಾಡಿದರು. "ಅಮ್ಮ, ಮನೆ ಮಾರಲ್ಲ, ಹಾಗೇ ಇಟ್ಕೋತೀವಿ" ಅಂದ ಅಣ್ಣ. "ಅಕ್ಕ, ನಿನ್ನ ಮೊಮ್ಮಗಳನ್ನ ಚೆನ್ನಾಗಿ ಓದಿಸ್ತೀವಿ" ಅಂದರು ಚಿಕ್ಕಮ್ಮ. ನನ್ನ ಬಾಯಿಂದ ಏನೂ ಬರಲಿಲ್ಲ. ಅಮ್ಮ ದಿನಾ ಬೆಳಿಗ್ಗೆ ಅನ್ನ ಬಸಿದ ತಕ್ಷಣ ಮೊದಲ ಹಿಡಿಯನ್ನು ಕಾಂಪೌಂಡ್ ಗೋಡೆಯ ಮೇಲೆ ಇಡುತ್ತಿದ್ದಳು. ಕಾಗೆಗೆ ಇಡದೆ ಅವಳು ತಟ್ಟೆ ಮುಂದೆ ಕೂತದ್ದನ್ನು ನಾನು ನೋಡಿಲ್ಲ. ಇಷ್ಟು ವರ್ಷ ಅವಳ ಕೈಯಿಂದ ಉಂಡ ಜಾತಿ ಇವತ್ತು ಬರಲಿಲ್ಲವಲ್ಲ ಅಂತ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು.

ಆಗ ಅಣ್ಣನ ಮಗಳು ನನ್ನ ಸೆರಗು ಎಳೆದಳು. ಅವಳಿಗೆ ಏಳು ವರ್ಷ.

"ಅತ್ತೆ, ಅಲ್ಲಿ ಬಂಡೆ ಮೇಲೆ ಅಷ್ಟೊಂದು ಕಾಗೆ ಕೂತಿವೆ. ಅವನ್ನ ಕರೀಬಹುದಲ್ವಾ?"

ನೋಡಿದೆ. ಹತ್ತು ಹನ್ನೆರಡು ಕಪ್ಪು ಹಕ್ಕಿಗಳು. ಕೆಲವು ರೆಕ್ಕೆಗಳನ್ನು ಎರಡೂ ಕಡೆ ಹರವಿಕೊಂಡು ಬಿಸಿಲಿಗೆ ನಿಂತಿದ್ದವು.

"ಅವು ಕಾಗೆ ಅಲ್ಲ ಪುಟ್ಟಿ. ನೀರುಕಾಗೆ."

"ನೀರುಕಾಗೆ ಅಂದ್ರೂ ಕಾಗೆನೇ ಅಲ್ವಾ?"

ಪಕ್ಕದಲ್ಲಿ ತೆಪ್ಪ ಮಗುಚಿ ಹಾಕುತ್ತಿದ್ದ ಮೀನು ಹಿಡಿಯುವವರೊಬ್ಬರು ನಮ್ಮ ಮಾತು ಕೇಳಿಸಿಕೊಂಡಿದ್ದರು. "ಅದು ಅನ್ನ ಮುಟ್ಟಕ್ಕಿಲ್ಲ ಕಣವ್ವ. ಅದಕ್ಕೆ ಮೀನೇ ಆಗ್ಬೇಕು" ಅಂದರು. ಅವಳು ಸುಮ್ಮನಾದಳು. ನಾನು ಸುಮ್ಮನಾಗಲಿಲ್ಲ. ಆ ಪ್ರಶ್ನೆ ನನ್ನ ಜೊತೆ ಮನೆಗೆ ಬಂತು. ಆಮೇಲಿನ ತಿಂಗಳುಗಳಲ್ಲಿ, ಅಮ್ಮ ಇಲ್ಲದ ಮನೆಯಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ, ನಾನು ಈ ಒಂದು ಹೆಸರಿನ ಹಿಂದೆ ಬಿದ್ದೆ. ಪದಕೋಶ ತೆರೆದೆ, ಹಳೆಯ ಕಥೆಗಳನ್ನು ಓದಿದೆ. ಆಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೇಳಬೇಕಾದ್ದು, ಕನ್ನಡ ಭಾಷೆ ನಮ್ಮ ಪುಟ್ಟಿಯ ಕಡೆಗಿದೆ. ನಮ್ಮ ಮಾತಿನಲ್ಲಿ ಎರಡು ಪದ ಸೇರಿ ಒಂದಾದಾಗ ಸಾಮಾನ್ಯವಾಗಿ ಕೊನೆಯ ಪದವೇ ಯಜಮಾನ. ಕಾಡುಕೋಳಿ ಅಂದರೆ ಕೋಳಿಯೇ, ಕಾಡಿನದು. ಹೆಬ್ಬಾವು ಅಂದರೆ ಹಾವೇ, ದೊಡ್ಡದು. ಆ ಲೆಕ್ಕದಲ್ಲಿ ನೀರುಕಾಗೆ ಅಂದರೆ ಕಾಗೆಯೇ, ನೀರಿನದು. ಏಳು ವರ್ಷದ ಮಗು ತನ್ನ ಭಾಷೆಯನ್ನು ಸರಿಯಾಗಿಯೇ ಕಲಿತಿದೆ.

ಆದರೆ 'ನೀರು' ಅನ್ನುವ ಪದ ಮುಂದೆ ಬಂದು ನಿಂತಾಗ ಈ ಲೆಕ್ಕ ಎಷ್ಟೋ ಸಲ ತಪ್ಪುತ್ತದೆ. ನೀರುನಾಯಿ ನಾಯಿಯಲ್ಲ. ನೀರುಕುದುರೆ ಕುದುರೆಯಲ್ಲ. ಹಿಪ್ಪೊಪೊಟಾಮಸ್ ಅನ್ನುವ ಗ್ರೀಕ್ ಪದವೂ ಇದೇ ಜಾಡಿನದು. ಹಿಪ್ಪೋಸ್ ಅಂದರೆ ಕುದುರೆ, ಪೊಟಾಮೋಸ್ ಅಂದರೆ ಹೊಳೆ. ಅಂದರೆ ಹೊಳೆಕುದುರೆ. ದಡದ ಮೇಲೆ ನಿಂತವರಿಗೆ ನೀರಿನಲ್ಲಿ ಏನೋ ಕಾಣುತ್ತದೆ. ಅದಕ್ಕೊಂದು ಹೆಸರು ಬೇಕು. ಅವರ ಹತ್ತಿರ ಇರುವುದು ಮನೆ, ಹಟ್ಟಿ, ಬೀದಿಯ ಹೆಸರುಗಳು. ಅದರಲ್ಲೇ ಹತ್ತಿರದ್ದನ್ನು ಆರಿಸಿ, ಮುಂದೆ 'ನೀರು' ಅಂತ ಸೇರಿಸುತ್ತಾರೆ. ನೀರುಕಾಗೆ ಅನ್ನುವುದು ದಡದಿಂದ ಕೊಟ್ಟ ಹೆಸರು. ಕೊಟ್ಟವರ ಕಾಲು ಒಣಗಿದ ನೆಲದ ಮೇಲಿತ್ತು ಅನ್ನುವುದು ಆ ಹೆಸರಿನಲ್ಲೇ ಗೊತ್ತಾಗುತ್ತದೆ.

ಈಗ ಕಾಗೆಯ ವಿಷಯ. ಕಾಗೆಗೆ ಆ ಹೆಸರನ್ನು ನಾವು ಕೊಟ್ಟದ್ದಲ್ಲ, ಅದೇ ಹೇಳಿಕೊಟ್ಟದ್ದು. ಕಾ, ಕಾ. ನಮ್ಮಲ್ಲಿ ಕಾಗೆ, ಉತ್ತರ ಕರ್ನಾಟಕದಲ್ಲಿ ಕಾಗಿ, ತುಳುವಿನಲ್ಲಿ ಕಕ್ಕೆ, ತೆಲುಗಿನಲ್ಲಿ ಕಾಕಿ, ಮಲಯಾಳದಲ್ಲಿ ಕಾಕ್ಕ, ಸಂಸ್ಕೃತದಲ್ಲಿ ಕಾಕ. ಎರಡು ಸಾವಿರ ವರ್ಷಕ್ಕೂ ಹಿಂದೆ ಯಾಸ್ಕ, ಪದಗಳ ಮೂಲ ಹೇಳುವ ತನ್ನ ನಿರುಕ್ತದಲ್ಲಿ ಇದನ್ನೇ ಹೇಳಿದ್ದಾನೆ. ಕಾಕ ಅನ್ನುವುದು ಕೂಗನ್ನು ಅನುಕರಿಸಿ ಬಂದ ಹೆಸರು, ಹಕ್ಕಿಗಳಲ್ಲಿ ಇಂಥವು ಜಾಸ್ತಿ ಅಂತ. ಅಲ್ಲೇ ಇನ್ನೊಬ್ಬನ ಮಾತನ್ನೂ ದಾಖಲಿಸುತ್ತಾನೆ. ಔಪಮನ್ಯವ ಅನ್ನುವವನು ಇದನ್ನು ಒಪ್ಪುವುದಿಲ್ಲ. ಓಡಿಸಬೇಕಾದದ್ದು, ಅದಕ್ಕೇ ಕಾಕ ಅನ್ನುತ್ತಾನೆ. ಇದನ್ನು ಓದಿದಾಗ ನನಗೆ ಅಮ್ಮ ನೆನಪಾದಳು. ಅವಳು ಕಾಗೆಯನ್ನು ಓಡಿಸಿದವಳಲ್ಲ. ಗೋಡೆಯ ಹತ್ತಿರ ನಿಂತು "ಕಾ ಕಾ" ಅಂತ ಅದರ ಮಾತಿನಲ್ಲೇ ಕರೆಯುತ್ತಿದ್ದಳು. ನಾನು ಯಾಸ್ಕನ ಕಡೆ.

ಹೆಸರು ಕೂಗಿನಿಂದ ಬಂತು ಅಂದಮೇಲೆ ಒಂದು ವಿಚಿತ್ರ ಎದುರಾಗುತ್ತದೆ. ನೀರುಕಾಗೆ 'ಕಾ' ಅನ್ನುವುದೇ ಇಲ್ಲ. ಗೂಡು ಕಟ್ಟುವ ಕಾಲದಲ್ಲಿ ಗೂಡಿನ ಹತ್ತಿರ ಗಂಟಲಲ್ಲೇ ಗುರುಗುಟ್ಟುತ್ತದೆ, ಅಷ್ಟೇ. ಉಳಿದ ಹೊತ್ತು ಬಹುಪಾಲು ಮೌನ. ಬಂಡೆ ಮೇಲೆ ಕೂತಿದ್ದ ಆ ಹನ್ನೆರಡು ಹಕ್ಕಿಗಳಿಂದ ನಮಗೆ ಒಂದು ಸದ್ದೂ ಕೇಳಿರಲಿಲ್ಲ. ಅಂದರೆ ಇದು ಇನ್ನೊಬ್ಬರ ಕೂಗನ್ನು ಹೆಸರಾಗಿ ಹೊತ್ತುಕೊಂಡಿರುವ ಹಕ್ಕಿ. ಒಂದು ಹಕ್ಕಿಯ ದನಿ ಅದರ ಬಣ್ಣಕ್ಕೆ ಅಂಟಿಕೊಂಡು, ಆ ಬಣ್ಣದ ದಾರಿಯಲ್ಲಿ ಇನ್ನೊಂದು ಹಕ್ಕಿಯ ಮೇಲೆ ಬಂದು ಕೂತಿದೆ.

ಇದು ಕನ್ನಡದವರು ಮಾತ್ರ ಮಾಡಿದ ಕೆಲಸ ಅಂದುಕೊಂಡಿದ್ದೆ. ಅಲ್ಲ. ತಮಿಳರಿಗೆ ಇದು ನೀರ್‌ಕಾಗಂ, ಮಲಯಾಳಿಗಳಿಗೆ ನೀರ್‌ಕಾಕ್ಕ, ತೆಲುಗಿನವರಿಗೆ ನೀಟಿಕಾಕಿ. ಮರಾಠಿಯಲ್ಲಿ ಪಾಣಕಾವಳಾ, ಹಿಂದಿಯಲ್ಲಿ ಪನ್‌ಕೌವಾ. ಸಿಂಹಳದಲ್ಲಿ ದಿಯಕಾವಾ, ಅಲ್ಲಿ ದಿಯ ಅಂದರೆ ನೀರು. ಸಂಸ್ಕೃತದಲ್ಲಿ ಜಲಕಾಕ. ಇಷ್ಟು ಅಕ್ಕಪಕ್ಕದ ಮನೆಗಳು. ಒಬ್ಬರಿಂದೊಬ್ಬರು ಕೇಳಿಸಿಕೊಂಡಿರಬಹುದು. ಚೀನಾಕ್ಕೆ ಹೋದರೆ ಅಲ್ಲಿನ ಆಡುಮಾತಿನಲ್ಲಿ ಇದಕ್ಕೆ ಶುಯಿ ಲಾವ್‌ಯಾ ಅನ್ನುವ ಹೆಸರಿದೆ. ಶುಯಿ ಅಂದರೆ ನೀರು, ಲಾವ್‌ಯಾ ಅಂದರೆ ಕಾಗೆ.

ಇನ್ನು ಇಂಗ್ಲಿಷಿನ ಕಾರ್ಮೊರೆಂಟ್. ಕೇಳಿದರೆ ಕಾಗೆಗೂ ಇದಕ್ಕೂ ಏನು ಸಂಬಂಧ ಅನಿಸುತ್ತದೆ. ಆದರೆ ಇದರ ಬೇರು ಲ್ಯಾಟಿನ್ನಿನ ಕೊರ್ವುಸ್ ಮರೀನುಸ್. ಕೊರ್ವುಸ್ ಅಂದರೆ ದೊಡ್ಡ ಜಾತಿಯ ಕಾಗೆ, ಮರೀನುಸ್ ಅಂದರೆ ಕಡಲಿನದು. ಅದು ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು, ಕೊರ್ಮೊರಾನ್ ಆಗಿ, ಇಂಗ್ಲಿಷಿಗೆ ಹೋಗಿ ಕೊನೆಯಲ್ಲೊಂದು 'ಟ್' ಅಂಟಿಸಿಕೊಂಡಿತು. ಪೋರ್ಚುಗೀಸರಲ್ಲಿ ಇಷ್ಟು ಸವೆತವೂ ಆಗಿಲ್ಲ. ಅವರು ಇವತ್ತಿಗೂ ಕೊರ್ವು ಮರಿನ್ಯು ಅಂತ ಬಿಡಿಬಿಡಿಯಾಗಿಯೇ ಹೇಳುತ್ತಾರೆ. ಬ್ರಿಟನ್ನಿನ ವೇಲ್ಸ್ ಭಾಷೆಯಲ್ಲಿ ಮೊರ್ವ್ರಾನ್. ಅದೂ ಕಡಲು ಮತ್ತು ಕಾಗೆ ಸೇರಿ ಆದದ್ದು.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು ತುಂಬ ಹೊತ್ತು ನೋಡುತ್ತ ಕೂತಿದ್ದೆ. ಕಾವೇರಿಯ ದಡದವರು, ಪೋರ್ಚುಗಲ್ಲಿನ ಕಡಲ ದಡದವರು, ಚೀನಾದ ಹೊಳೆಗಳ ದಡದವರು. ಇವರೆಲ್ಲ ಒಬ್ಬರನ್ನೊಬ್ಬರು ಕೇಳಿ ಹೆಸರಿಟ್ಟಿರಲು ಸಾಧ್ಯವಿಲ್ಲ. ಆದರೂ ನೀರಿನ ಮೇಲೆ ಕಪ್ಪಗಿನ ಹಕ್ಕಿ ಕಂಡಾಗ ಎಲ್ಲರಿಗೂ ಮನೆಯ ಹತ್ತಿರದ ಕಾಗೆಯೇ ನೆನಪಾಯಿತು. ಜನರ ಬದುಕಿಗೆ ಕಾಗೆ ಎಷ್ಟು ಹತ್ತಿರ ಇತ್ತು ಅಂತ ಇದರಿಂದಲೇ ತಿಳಿಯುತ್ತದೆ. ನವಿಲಿನ ಹೆಸರನ್ನೋ ಗಿಣಿಯ ಹೆಸರನ್ನೋ ಹೀಗೆ ಹತ್ತು ದೇಶದಲ್ಲಿ ಸಾಲ ಕೊಟ್ಟಿಲ್ಲ.

ಇಲ್ಲೇ ಒಂದು ಅಡ್ಡಮಾತು. ತಮಿಳು ಮಲಯಾಳಗಳಲ್ಲಿ 'ಕಡಲಕಾಗೆ' ಅನ್ನುವ ಅರ್ಥದ ಪದವೂ ಇದೆ. ಆದರೆ ಅದು ನೀರುಕಾಗೆಗೆ ಅಲ್ಲ, ಗಲ್ ಅನ್ನುವ ಬಿಳಿ ಬೂದು ಬಣ್ಣದ ಕಡಲಹಕ್ಕಿಗೆ. ಮೈಯಲ್ಲಿ ಕಪ್ಪು ಕಡಿಮೆ. ಆದರೂ ಕಾಗೆ ಯಾಕೆ? ಅದು ಬಂದರಿನಲ್ಲಿ ಗುಂಪು ಕಟ್ಟಿ ಕಿರುಚುತ್ತದೆ, ಮೀನಿನ ತುಂಡಿಗೆ ಜಗಳವಾಡುತ್ತದೆ, ಮನುಷ್ಯರು ಬಿಸಾಕಿದ್ದನ್ನು ಹೆಕ್ಕುತ್ತದೆ. ಬಣ್ಣ ಬೇರೆ, ಬುದ್ಧಿ ಕಾಗೆಯದೇ. ಕಡಲಕಾಗೆ ಅಂದಾಗ ಲ್ಯಾಟಿನ್ನಿನವರಿಗೆ ಬಣ್ಣ ಕಂಡಿತು, ಮಲಯಾಳಿಗಳಿಗೆ ನಡತೆ ಕಂಡಿತು.

ನಮ್ಮ ಹೊಳೆ ಕೆರೆಗಳಲ್ಲಿ ನೀರುಕಾಗೆ ಮೂರು ಬಗೆ. ಸಣ್ಣದು ಸುಮಾರು 50 ಸೆಂಟಿಮೀಟರ್ ಉದ್ದ, ಊರುಕಾಗೆಗಿಂತ ಸ್ವಲ್ಪವೇ ದೊಡ್ಡದು. ಇದೇ ಜಾಸ್ತಿ ಕಾಣುವುದು. ಇದನ್ನು ನೋಡಿಯೇ ನಮ್ಮವರು ಕಾಗೆ ಅಂದಿರಬೇಕು ಅಂತ ನನಗೆ ಅನಿಸುತ್ತದೆ. ನಡುವಿನದು ಭಾರತದ ನೀರುಕಾಗೆ. ಮೂರನೆಯದು ದೊಡ್ಡ ನೀರುಕಾಗೆ, 80 ಸೆಂಟಿಮೀಟರಿಗೂ ಮೇಲೆ. ಅದರ ಕಣ್ಣು ಪಚ್ಚೆಯ ಹಾಗೆ ಹಸಿರು. ರಂಗನತಿಟ್ಟಿನಲ್ಲಿ ದೋಣಿ ಹತ್ತಿರ ಹೋದಾಗ ಒಮ್ಮೆ ಆ ಕಣ್ಣನ್ನು ನೋಡಿದ್ದೇನೆ. ಮರೆಯಲಾಗುವುದಿಲ್ಲ.

ವಿಜ್ಞಾನಿಗಳು ಇಟ್ಟ ಹೆಸರುಗಳಲ್ಲೂ ಕಪ್ಪು ಬಿಟ್ಟುಹೋಗಿಲ್ಲ. ಸಣ್ಣದರ ಹೆಸರು ಮೈಕ್ರೋಕಾರ್ಬೋ ನೈಗರ್. ಕಾರ್ಬೋ ಅಂದರೆ ಇದ್ದಿಲು, ನೈಗರ್ ಅಂದರೆ ಕಪ್ಪು. ಕಪ್ಪಗಿನ ಪುಟ್ಟ ಇದ್ದಿಲು! ದೊಡ್ಡದರ ಹೆಸರು ಫಲಾಕ್ರೊಕೊರಾಕ್ಸ್ ಕಾರ್ಬೋ. ಇದು ಗ್ರೀಕ್ ಬೇರಿನದು. ಫಲಕ್ರೋಸ್ ಅಂದರೆ ಬೋಳುತಲೆ, ಕೊರಾಕ್ಸ್ ಅಂದರೆ ಮತ್ತೆ ಅದೇ ದೊಡ್ಡ ಕಾಗೆ. ಬೋಳುತಲೆಯ ಕಾಗೆ. ಈ ಹಕ್ಕಿಯ ತಲೆ ಬೋಳಲ್ಲ. ಮರಿ ಮಾಡುವ ಕಾಲದಲ್ಲಿ ದೊಡ್ಡ ನೀರುಕಾಗೆಯ ತಲೆ ಕತ್ತಿನ ಮೇಲೆ ಬಿಳಿ ಎಳೆಗಳು ಮೂಡುತ್ತವೆ. ದೂರದಿಂದ ನೋಡಿದವರಿಗೆ ತಲೆ ನರೆತ ಹಾಗೆ, ಬೋಳಾದ ಹಾಗೆ ಕಾಣುತ್ತದೆ. ಅಮೆರಿಕದ ಬಾಲ್ಡ್ ಈಗಲ್ ಕೂಡ ಹೀಗೆಯೇ, ಅದರ ತಲೆ ಬಿಳಿ ಅಷ್ಟೇ.

ಬಿಳಿ ಗುರುತನ್ನು ಕಂಡು ಪಶ್ಚಿಮದವರು ಬೋಳು ಅಂದ ಕಡೆ ಕನ್ನಡದವರು ಏನಂದರು ಗೊತ್ತಾ? ನಮ್ಮ ಕೆರೆಗಳಲ್ಲಿ ಇನ್ನೊಂದು ಕಪ್ಪು ಹಕ್ಕಿಯಿದೆ, ಇಂಗ್ಲಿಷಿನಲ್ಲಿ ಕೂಟ್. ಹಣೆಯ ಮೇಲೆ ಕೊಕ್ಕಿನಿಂದ ಮೇಲಕ್ಕೆ ಒಂದು ಬಿಳಿ ಪಟ್ಟಿ. ಇಂಗ್ಲಿಷಿನವರಲ್ಲಿ ಅದರ ಹೆಸರು ಹಿಡಿದು ಬೋಳುತಲೆಯವರನ್ನು ಹೋಲಿಸುವ ನುಡಿಗಟ್ಟೇ ಇದೆ. ಕನ್ನಡದವರು ಆ ಪಟ್ಟಿಯನ್ನು ನೋಡಿ ನಾಮದಕೋಳಿ ಅಂದರು. ಸ್ನಾನ ಮಾಡಿ, ನಾಮ ಇಟ್ಟುಕೊಂಡು, ಕೆರೆಯಲ್ಲಿ ಓಡಾಡುವ ಕೋಳಿ. ನಾಮ ಅಂದರೆ ಹೆಸರೂ ಹೌದು, ಹಣೆಯ ಗುರುತೂ ಹೌದು. ಒಂದು ಹಕ್ಕಿಗೆ ಹೆಸರಿಡುವುದು ಅಂದರೆ ಅದರ ಹಣೆಗೆ ನಾವೊಂದು ಗುರುತು ಹಚ್ಚುವುದೇ ಅಲ್ವಾ? ನಾಮದಕೋಳಿ ಅಂತ ಹೇಳಿದಾಗಲೆಲ್ಲ ನನಗೆ ಆ ಎರಡೂ ಅರ್ಥ ಒಟ್ಟಿಗೆ ಕೇಳಿಸುತ್ತವೆ.

ಇನ್ನು ಮನೆತನದ ಮಾತು. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಕ್ರಮ ತಂದ ಲಿನಿಯಸ್ 1758ರಲ್ಲಿ ದೊಡ್ಡ ನೀರುಕಾಗೆಗೆ ಹೆಸರಿಟ್ಟಾಗ ಅದನ್ನು ಕಾಗೆಗಳ ಜೊತೆ ಸೇರಿಸಲಿಲ್ಲ. ಹೆಜ್ಜಾರ್ಲೆಗಳ, ಅಂದರೆ ಪೆಲಿಕನ್‌ಗಳ, ಜೊತೆ ಇಟ್ಟ. ಕಾಲು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ಬಾತುಕೋಳಿಗೆ ಮುಂದಿನ ಮೂರು ಬೆರಳುಗಳ ನಡುವೆ ಮಾತ್ರ ಚರ್ಮದ ಪರದೆ. ಹೆಜ್ಜಾರ್ಲೆಗೂ ನೀರುಕಾಗೆಗೂ ನಾಲ್ಕೂ ಬೆರಳುಗಳು ಸೇರಿ ದೋಣಿಯ ಹುಟ್ಟಿನ ಹಾಗಿರುತ್ತವೆ. ಈಗ ಅದನ್ನು ಹೆಜ್ಜಾರ್ಲೆಯಿಂದಲೂ ಬೇರೆ ಮಾಡಿ, ಹಾವಿನಂಥ ಕತ್ತಿನ ಹಾವಕ್ಕಿಯ ಹತ್ತಿರದ ನೆಂಟ ಅನ್ನುತ್ತಾರೆ. ಕಾಗೆ ಮಾತ್ರ ಇವರೆಲ್ಲರಿಂದ ದೂರ. ಅದು ಗುಬ್ಬಚ್ಚಿ, ಪಿಕಳಾರಗಳ ಬಳಗಕ್ಕೆ ಸೇರಿದ್ದು. ಹುಟ್ಟಿನ ಲೆಕ್ಕದಲ್ಲಿ ಕಾಗೆ ಒಂದು ಹಾಡುಹಕ್ಕಿ.

ಅಂದರೆ ಪುಟ್ಟಿಗೆ ನಾನು ಕೊಟ್ಟ ಉತ್ತರ ತಪ್ಪಲ್ಲ. ಆದರೂ 'ಅಲ್ಲ' ಅನ್ನುವುದು ಒಂದು ಉತ್ತರವಾ? ಅದು ಕಾಗೆ ಅಲ್ಲ ಅಂದರೆ ಮತ್ತೇನು?

ಇದಕ್ಕೆ ಸಂಸ್ಕೃತದಲ್ಲಿ ಇನ್ನೊಂದು ಹೆಸರು ಸಿಕ್ಕಿತು. ಮದ್ಗು. ಮಜ್ಜ್ ಅಂದರೆ ಮುಳುಗು. ಮದ್ಗು ಅಂದರೆ ಮುಳುಗುವ ಹಕ್ಕಿ. ನೀರುಕಾಗೆಯನ್ನೂ ಅದರಂತೆಯೇ ಮುಳುಗಿ ಮೀನು ಹಿಡಿಯುವ ಹಾವಕ್ಕಿಯನ್ನೂ ಈ ಹೆಸರಿಗೆ ಹೇಳುತ್ತಾರೆ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕಥೆ ನಿಮಗೆ ಗೊತ್ತಿರಬಹುದು. ಗುರು ಅವನಿಗೆ 400 ಬಡಕಲು ಹಸುಗಳನ್ನು ಕೊಟ್ಟು ಕಾಡಿಗೆ ಕಳಿಸುತ್ತಾನೆ. ಅವು ಸಾವಿರವಾಗುವವರೆಗೆ ಹುಡುಗ ಹಿಂತಿರುಗುವುದಿಲ್ಲ. ವಾಪಸ್ ಬರುವ ದಾರಿಯಲ್ಲಿ ಅವನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ನಾಲ್ವರು ಹೇಳಿಕೊಡುತ್ತಾರೆ. ಮೊದಲು ಎತ್ತು, ಆಮೇಲೆ ಬೆಂಕಿ, ಆಮೇಲೆ ಹಂಸ. ಕೊನೆಯ ಪಾಠ ಮದ್ಗುವಿನದು. ಹಾರಿ ಬಂದು ಹತ್ತಿರ ಕೂತು "ಸತ್ಯಕಾಮ" ಅಂತ ಕರೆಯುತ್ತದೆ. ಉಸಿರು, ಕಣ್ಣು, ಕಿವಿ, ಮನಸ್ಸು, ಇವು ನಾಲ್ಕು ಸೇರಿ ಒಂದು ಪಾದ, ಇದಕ್ಕೆ ಆಯತನವಾನ್ ಅಂತ ಹೆಸರು, ನೆಲೆಯುಳ್ಳದ್ದು ಅಂತ ಹೇಳಿ ಹೋಗುತ್ತದೆ.

ಹಂಸದ ಪಾಠ ಆದಮೇಲೆ ಮುಳುಗುವ ಹಕ್ಕಿಯ ಪಾಠ ಬರುತ್ತದೆ ಅನ್ನುವುದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಹಂಸ ಹೇಳಿದ್ದು ಬೆಳಕಿನ ಸಂಗತಿ, ಸೂರ್ಯ ಚಂದ್ರ ಮಿಂಚು. ಮುಳುಗುವ ಹಕ್ಕಿ ಹೇಳಿದ್ದು ಉಸಿರಿನ ಸಂಗತಿ. ಉಸಿರು ಕಟ್ಟಿ ಒಳಗೆ ಹೋಗಿ ಬರುವ ಜೀವಕ್ಕೆ ಉಸಿರಿನ ಬೆಲೆ ಗೊತ್ತಿರುತ್ತದೆ.

ಮದ್ಗು ಅಂತ ಹೆಸರಿಟ್ಟವರು ದಡದಿಂದ ಬಣ್ಣವನ್ನು ಮಾತ್ರ ನೋಡಿದವರಲ್ಲ. ಹಕ್ಕಿಯ ಕೆಲಸವನ್ನು ಕಾದು ಕೂತು ನೋಡಿದವರು. ಟರ್ಕಿಯವರ ಹೆಸರೂ ಹೀಗೆಯೇ ಇದೆ. ಕರಾಬತಾಕ್. ಕರಾ ಅಂದರೆ ಕಪ್ಪು, ಅದರ ಜೊತೆಗೆ ಮುಳುಗು ಅನ್ನುವ ಪದ. ಕನ್ನಡದಲ್ಲಿ ಈ ಥರದ ಹೆಸರು ಇಲ್ಲ ಅಂದುಕೊಳ್ಳಬೇಡಿ. ಕೆರೆಯಲ್ಲಿ ಮುಷ್ಟಿಯಷ್ಟು ದೊಡ್ಡ ಹಕ್ಕಿಯೊಂದು ಗುಳುಕ್ ಅಂತ ಮುಳುಗಿ ಇನ್ನೆಲ್ಲೋ ಏಳುತ್ತದಲ್ಲ, ಅದಕ್ಕೆ ಗುಳುಮುಳುಕ ಅಂತ ಹೆಸರಿಟ್ಟಿದ್ದೇವೆ. ಸದ್ದೂ ಕೆಲಸವೂ ಒಂದೇ ಪದದಲ್ಲಿ. ನನ್ನ ಮಟ್ಟಿಗೆ ಕನ್ನಡದ ಹಕ್ಕಿಹೆಸರುಗಳಲ್ಲಿ ಅದಕ್ಕಿಂತ ಚೆಂದದ್ದು ಇನ್ನೊಂದಿಲ್ಲ.

ನೀರುಕಾಗೆಯ ಮೈಯೂ ಮುಳುಗುವುದಕ್ಕೇ ಆದದ್ದು. ಬಾತುಕೋಳಿಯ ಗರಿಗೆ ನೀರು ಹಿಡಿಯುವುದಿಲ್ಲ, ಅದು ಬೆಂಡಿನ ಹಾಗೆ ತೇಲುತ್ತದೆ. ನೀರುಕಾಗೆಯ ಗರಿಯ ಅಂಚುಗಳು ನೆನೆಯುತ್ತವೆ, ಮೈಗೆ ಹತ್ತಿರದ ಭಾಗ ನೆನೆಯುವುದಿಲ್ಲ. ಅಂಚು ನೆನೆದಾಗ ಗರಿಗಳ ನಡುವಿನ ಗಾಳಿ ಕಡಿಮೆಯಾಗಿ ಮುಳುಗುವುದು ಹಗುರವಾಗುತ್ತದೆ. ಮೇಲೆ ಬಂದಮೇಲೆ ಆ ನೀರನ್ನು ಒಣಗಿಸಿಕೊಳ್ಳಬೇಕು. ಅದಕ್ಕೇ ರೆಕ್ಕೆ ಹರವಿ ನಿಲ್ಲುವುದು. ಇದಕ್ಕೆ ಗರಿಗೆ ಸವರಿಕೊಳ್ಳುವ ಎಣ್ಣೆಯೇ ಇಲ್ಲ, ಪಾಪ, ಅದಕ್ಕೇ ಒದ್ದೆಯಾಗುತ್ತೆ ಅಂತ ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಎಣ್ಣೆಯ ಗ್ರಂಥಿ ಇದಕ್ಕೂ ಇದೆ. ಒದ್ದೆಯಾಗುವುದು ಅದರ ಕೊರತೆಯಲ್ಲ, ಅದರ ಕಸುಬು. ಇನ್ನೊಂದು ಸಂಗತಿ, ಬೆಳೆದ ನೀರುಕಾಗೆಗೆ ಕೊಕ್ಕಿನ ಮೇಲೆ ಮೂಗಿನ ಹೊಳ್ಳೆಗಳು ಮುಚ್ಚಿಹೋಗಿರುತ್ತವೆ. ಬಾಯಿಂದಲೇ ಉಸಿರಾಡುತ್ತದೆ. ಇದನ್ನು ತಿಳಿದಮೇಲೆ ಮದ್ಗುವಿನ ಪಾಠವನ್ನು ಮತ್ತೊಮ್ಮೆ ಓದಿದೆ.

ಕಾಗೆ ಮತ್ತು ನೀರುಕಾಗೆ ಎದುರುಬದುರು ಬರುವ ಕಥೆ ಎಲ್ಲಾದರೂ ಇದೆಯಾ ಅಂತ ಹುಡುಕುತ್ತಿದ್ದೆ. ಇತ್ತು. ಪಾಲಿ ಭಾಷೆಯ ಜಾತಕ ಕಥೆಗಳಲ್ಲಿ ವೀರಕ ಜಾತಕ ಅಂತ ಒಂದಿದೆ. ಅಲ್ಲಿ ಬೋಧಿಸತ್ವ, ಅಂದರೆ ಹಿಂದಿನ ಜನ್ಮದ ಬುದ್ಧ, ಒಂದು ಉದಕಕಾಕನಾಗಿ ಹುಟ್ಟಿರುತ್ತಾನೆ. ಉದಕ ಅಂದರೆ ನೀರು. ಹೆಸರು ವೀರಕ. ಕಾಶಿಯಲ್ಲಿ ಬರ ಬೀಳುತ್ತದೆ. ಜನರಿಗೇ ಊಟವಿಲ್ಲ, ಕಾಗೆಗಳಿಗೆ ಇಡುವ ಅನ್ನ ನಿಂತುಹೋಗುತ್ತದೆ. ಕಾಗೆಗಳು ಊರು ಬಿಡುತ್ತವೆ.

ಇಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅಷ್ಟು ಹಿಂದಿನ ಕಥೆಯಲ್ಲೂ ಕಾಗೆಗೆ ಅನ್ನ ಇಡುವ ಮನೆಗಳು. ಅಮ್ಮನ ಕಾಂಪೌಂಡ್ ಗೋಡೆ.

ಸವಿಟ್ಠಕ ಅನ್ನುವ ಕಾಗೆ ಹೆಂಡತಿಯನ್ನು ಕರೆದುಕೊಂಡು ವೀರಕನ ಕೊಳಕ್ಕೆ ಬರುತ್ತದೆ. ನಿನ್ನ ಸೇವೆ ಮಾಡುತ್ತೇನೆ ಅನ್ನುತ್ತದೆ. ವೀರಕ ಮುಳುಗಿ ಮೀನು ಹಿಡಿದು, ತಾನು ತಿಂದು, ಉಳಿದದ್ದನ್ನು ಇವರಿಗೆ ಕೊಡುತ್ತಾನೆ. ಕೆಲವು ದಿನ ಹೀಗೇ ನಡೆಯುತ್ತದೆ. ಆಮೇಲೆ ಸವಿಟ್ಠಕನಿಗೆ ಅನಿಸುತ್ತದೆ, ಇವನೂ ಕಪ್ಪು, ನಾನೂ ಕಪ್ಪು. ಕಣ್ಣು, ಕೊಕ್ಕು, ಕಾಲು, ಎಲ್ಲ ಒಂದೇ ಥರ. ನಾನೇ ಯಾಕೆ ಹಿಡಿಯಬಾರದು? ವೀರಕ ಬೇಡ ಅನ್ನುತ್ತಾನೆ. ನೀನು ನೀರಿನಲ್ಲಿ ಮೀನು ಹಿಡಿಯುವ ಜಾತಿಯ ಕಾಗೆಯಲ್ಲ, ಸಾಯಬೇಡ ಅನ್ನುತ್ತಾನೆ. ಕಾಗೆ ಕೇಳುವುದಿಲ್ಲ. ಧುಮುಕುತ್ತದೆ. ಪಾಚಿಯನ್ನು ಸೀಳಿಕೊಂಡು ಮೇಲೆ ಬರಲಾಗದೆ, ಅದರಲ್ಲೇ ಸಿಕ್ಕಿಹಾಕಿಕೊಂಡು ಸಾಯುತ್ತದೆ. ಕೊಕ್ಕಿನ ತುದಿ ಮಾತ್ರ ನೀರಿನ ಮೇಲೆ ಕಾಣುತ್ತಿರುತ್ತದೆ. ಹೆಂಡತಿ ಹುಡುಕಿಕೊಂಡು ಬಂದು ಕೇಳುತ್ತಾಳೆ: ವೀರಕ, ಇನಿದನಿಯ, ನವಿಲಿನ ಕತ್ತಿನಂಥ ಕತ್ತಿನ ನನ್ನ ಗಂಡ ಸವಿಟ್ಠಕನನ್ನು ನೋಡಿದೆಯಾ?

ಇನಿದನಿ. ಕಾಗೆಯದು. ಆ ಹೆಣ್ಣುಕಾಗೆಗೆ ಗಂಡನ ಕೂಗು ಹಾಗೆಯೇ ಕೇಳಿಸಿತ್ತು. ಊರುಕಾಗೆಯ ಬೂದು ಕತ್ತಿನ ಕೆಳಗೆ ಬಿಸಿಲು ಬಿದ್ದಾಗ ನೀಲಿ ನೇರಳೆ ಹೊಳೆಯುವುದನ್ನು ನೀವೂ ನೋಡಿರುತ್ತೀರಿ. ಅವಳು ಸುಳ್ಳು ಹೇಳಿಲ್ಲ.

ಸವಿಟ್ಠಕ ಮಾಡಿದ್ದೂ ನಮ್ಮ ಪುಟ್ಟಿ ಮಾಡಿದ್ದೂ ಒಂದೇ. ಹೆಸರನ್ನು ನಂಬಿದ್ದು. ಉದಕಕಾಕ ಅಂದರೂ ಕಾಕನೇ ಅಲ್ವಾ ಅಂದುಕೊಂಡದ್ದು. ಜಪಾನಿನಲ್ಲಿ ನೀರುಕಾಗೆಗೆ ಕಾಗೆಯ ಹೆಸರಿಲ್ಲ, ಬರೀ 'ಉ' ಅನ್ನುತ್ತಾರೆ. ಆದರೂ ಅಲ್ಲಿ ಒಂದು ಗಾದೆಯಿದೆ: ನೀರುಕಾಗೆಯನ್ನು ಅನುಕರಿಸುವ ಕಾಗೆ. ಅದು ನೀರಲ್ಲಿ ಮುಳುಗಿ ಸಾಯುತ್ತದೆ ಅಂತ ಮುಂದಿನ ಮಾತು. ಜಪಾನಿನ ಗಿಫು ಊರಿನ ನಗಾರಾ ಹೊಳೆಯಲ್ಲಿ ಇವತ್ತಿಗೂ ರಾತ್ರಿ ದೋಣಿಯ ಮುಂದೆ ಬೆಂಕಿ ಹಚ್ಚಿಕೊಂಡು, ಪಳಗಿಸಿದ ನೀರುಕಾಗೆಗಳಿಂದ ಮೀನು ಹಿಡಿಸುತ್ತಾರೆ. ಆ ಹಕ್ಕಿಯನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಕಾಗೆಗೂ ಅದಕ್ಕೂ ಇರುವ ವ್ಯತ್ಯಾಸ ಒಂದು ಗಾದೆಯಾಗುವಷ್ಟು ಸ್ಪಷ್ಟವಾಗಿತ್ತು.

ಹೆಸರಿನ ಭಾರ ಈ ಹಕ್ಕಿಯ ಮೇಲೆ ಸ್ವಲ್ಪ ಬಿದ್ದಿದೆ ಅಂತಲೇ ನನ್ನ ನಂಬಿಕೆ. ರಂಗನತಿಟ್ಟು ಪಕ್ಷಿಧಾಮವಾದದ್ದು 1940ರಲ್ಲಿ, ಪಕ್ಷಿತಜ್ಞ ಸಲೀಂ ಅಲಿ ಅವರ ಒತ್ತಾಸೆಯಿಂದ. 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ನೆಲೆಗಳಾದ ರಾಮ್ಸಾರ್ ತಾಣಗಳ ಪಟ್ಟಿಗೂ ಸೇರಿತು. ಅಲ್ಲಿ ದೋಣಿ ಹತ್ತಿದವರ ಕೈ ಬಣ್ಣದ ಕೊಕ್ಕರೆಯ ಕಡೆ, ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಯ ಕಡೆ, ಮೊಸಳೆಯ ಕಡೆ ಹೋಗುತ್ತದೆ. ಬಂಡೆಯ ಮೇಲಿನ ಕಪ್ಪು ಹಕ್ಕಿಯನ್ನು ತೋರಿಸಿ "ಅದು ನೀರುಕಾಗೆ" ಅಂದರೆ "ಓ, ಕಾಗೆನಾ" ಅಂತ ಮುಖ ತಿರುಗಿಸುತ್ತಾರೆ. ನಾನೂ ಹಾಗೇ ಮಾಡಿದವಳು. ಹಸಿರು ಕಣ್ಣು ಕಂಡಿತ್ತು, ಆದರೂ ಅದರ ಬಗ್ಗೆ ಏನೂ ಕೇಳಿರಲಿಲ್ಲ. ಹಾಗಂತ ಹೆಸರನ್ನು ಬದಲಾಯಿಸಬೇಕು ಅಂತ ನನಗೆ ಅನಿಸುವುದಿಲ್ಲ. ಕಾಗೆ ಅನ್ನುವುದು ಬೈಗುಳವಲ್ಲ, ನಮ್ಮಮ್ಮ ದಿನಾ ಕರೆದು ಅನ್ನ ಇಟ್ಟ ಹೆಸರು ಅದು. 'ನೀರು' ಅನ್ನುವುದನ್ನು ನಾವು ಸ್ವಲ್ಪ ಮೆಲ್ಲಗೆ ಹೇಳಿ 'ಕಾಗೆ' ಅನ್ನುವುದನ್ನು ಜೋರಾಗಿ ಹೇಳುತ್ತೇವೆ. ಆ ಒತ್ತು ಆಚೀಚೆ ಆದರೆ ಸಾಕು. ನೀರು, ಕಾಗೆ. ಹಾಗೆ ಹೇಳಿಕೊಂಡರೆ ಹಕ್ಕಿ ಮೊದಲು ನೀರಿನದಾಗುತ್ತದೆ.

ಅವತ್ತು ಕಾಗೆ ಕೊನೆಗೂ ಬರಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಬಿಸಿಲು ಏರಿತು. ಪುರೋಹಿತರು "ಹೀಗೂ ಆಗುತ್ತೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನೀರಿಗೆ ಬಿಡಿ" ಅಂದರು. ಅಣ್ಣ ಎಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೊಣಕಾಲು ಮಟ್ಟದ ನೀರಿಗೆ ಇಳಿದ. ಪಿಂಡವನ್ನು ಮೆಲ್ಲಗೆ ಬಿಟ್ಟ. ಅನ್ನ ಬಿಡಿಬಿಡಿಯಾಗಿ ಕೆಳಗೆ ಹೋಯಿತು. ಒಂದು ಗಳಿಗೆಯಲ್ಲಿ ಮೀನುಗಳು ಮುತ್ತಿಕೊಂಡವು. ಅಷ್ಟು ಮೀನು ಅಲ್ಲಿವೆ ಅಂತ ಅದುವರೆಗೆ ಗೊತ್ತೇ ಆಗಿರಲಿಲ್ಲ.

ಬಂಡೆಯ ಮೇಲಿನ ಒಂದು ಹಕ್ಕಿ ರೆಕ್ಕೆ ಮಡಚಿತು. ನೀರಿಗೆ ಇಳಿದು, ಕತ್ತು ಮಾತ್ರ ಮೇಲಿಟ್ಟುಕೊಂಡು ಈ ಕಡೆಗೇ ಈಜಿ ಬಂತು. ಅಣ್ಣನಿಂದ ಹತ್ತು ಮಾರು ದೂರದಲ್ಲಿ ಮುಳುಗಿತು.

ಪುಟ್ಟಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ಎಣಿಸುವುದಕ್ಕೆ ಶುರುಮಾಡಿದಳು. ಒಂದು, ಎರಡು, ಮೂರು. ನಾವೆಲ್ಲ ನೀರನ್ನೇ ನೋಡುತ್ತಿದ್ದೆವು. ಅವಳು ಹದಿನೇಳು ಅಂದಾಗ ಅದು ಎದ್ದಿತು, ಅಂದುಕೊಂಡ ಕಡೆ ಅಲ್ಲ, ತುಂಬ ಆಚೆ. ಕೊಕ್ಕನ್ನು ಒಂದು ಸಲ ಮೇಲೆತ್ತಿ ಏನನ್ನೋ ನುಂಗಿತು.

"ಅತ್ತೆ, ಬಂತು" ಅಂದಳು.